ಹೇಳಿ ಹೋಗುವವರು

ಮೌನಿಕಾಗೆ ಎಲ್ಲಿಂದಲೂ ಸುಮ್ಮನೆ ಎದ್ದು ಬರುವುದು ಗೊತ್ತಿರಲಿಲ್ಲ. ಅಂಗನವಾಡಿಯಿಂದ ಮನೆಗೆ ಹೊರಟರೆ ಕೂತಿದ್ದ ಚಾಪೆಗೆ, ನೀರಿನ ಡ್ರಮ್ಮಿಗೆ, ಗೋಡೆಯ ಮೇಲಿನ ಮಾವಿನಹಣ್ಣಿನ ಚಿತ್ರಕ್ಕೆ ಒಂದೊಂದಾಗಿ ಕೈ ಮುಟ್ಟಿಸಿ, "ಹೋಗಿ ಬರ್ತೀನಿ" ಎಂದು ಹೇಳಿಯೇ ಚಪ್ಪಲಿ ಮೆಟ್ಟುತ್ತಿದ್ದಳು. ಆಟೋ ಇಳಿದರೆ ಆಟೋಗೂ ಹೇಳಬೇಕು. ಅಂಗಡಿಯಲ್ಲಿ ಕೊಬ್ಬರಿ ಬಿಸ್ಕತ್ತು ತಗೊಂಡರೆ ಬಿಸ್ಕತ್ತಿನ ಡಬ್ಬಿಗೂ ಹೇಳಬೇಕು. ಆಟೋದವನು ನಗುತ್ತಿದ್ದ. ಅಂಗನವಾಡಿ ಟೀಚರ್ ಮಾತ್ರ, ಈ ಮಗುವಿನ ಬೀಳ್ಕೊಡುಗೆ ಮುಗಿಯುವ ಹೊತ್ತಿಗೆ ನನಗೆ ಊಟದ ಹೊತ್ತು ಮೀರುತ್ತದೆ ಎಂದು ಒಂದೆರಡು ಸಲ ದೂರಿದ್ದರು.

ರಾಯದುರ್ಗದ ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ಅವರ ಮನೆ. ಅಲ್ಲಿ ಬೆಳಗಾಯಿತೆಂದರೆ ಮನೆಮನೆಯಲ್ಲೂ ಹೊಲಿಗೆ ಮಿಷನ್ನಿನ ಸದ್ದು. ಮೌನಿಕಾಳ ಅಪ್ಪ ಹರೀಶ್ ಜೀನ್ಸ್ ಯೂನಿಟ್ಟೊಂದರಲ್ಲಿ ಕಟಿಂಗ್ ಮಾಸ್ಟರ್. ತಾಯಿ ಗಂಗೋತ್ರಿ ಮನೆಯಲ್ಲೇ ಕೂತು ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಅಜ್ಜಿ ಪಾಪಕ್ಕ ಹೊಲಿದ ಜೇಬುಗಳ ದಾರ ಕತ್ತರಿಸುತ್ತಾ, ಎಲೆಯಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ದವಡೆಗಿಟ್ಟುಕೊಂಡು, ಓಣಿಯ ಸುದ್ದಿಯನ್ನೆಲ್ಲ ಅರೆದು ನುಣ್ಣಗೆ ಮಾಡುತ್ತಿದ್ದಳು.

ಮಗಳ ಈ ಅಭ್ಯಾಸ ಕಂಡಾಗಲೆಲ್ಲ ಗಂಗೋತ್ರಿಗೆ ಒಳಗೊಳಗೇ ನಡುಕ. ಅದು ಎಲ್ಲಿಂದ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಂಗೋತ್ರಿಯ ತವರು ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಮನೆ ಬಿಡುವ ದಿನ ಒರಳಿಗೆ, ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಿಗೆ, ಅಂಗಳದ ಹೊಂಗೆ ಮರಕ್ಕೆ ಅವಳು ಹೇಳಿ ಬರುವಷ್ಟರಲ್ಲಿ ಗಂಡಿನ ಕಡೆಯ ಟೆಂಪೋ ಹಾರ್ನ್ ಮೇಲೆ ಹಾರ್ನ್ ಹೊಡೆದಿತ್ತು. "ಹುಡುಗಿ ಕಲ್ಲಿನ ಜೋಡಿ ಮಾತಾಡ್ತಾಳ, ಪರೀಕ್ಷಾ ಮಾಡಿ ತಂದೀರೇನಪ?" ಎಂದು ಟೆಂಪೋದೊಳಗೆ ಯಾರೋ ಅಂದು, ಎಲ್ಲರೂ ನಕ್ಕಿದ್ದರು; ಮುಂದಿನ ಗಾಡಿಯಲ್ಲಿದ್ದ ಅತ್ತೆಗೆ ಅದು ಕೇಳಿರಲಿಲ್ಲ. ಆವತ್ತೇ ಗಂಗೋತ್ರಿ ಹೋಗಿ ಬರುವ ಮಾತನ್ನು ಬಾಯೊಳಗೆ ಇಟ್ಟು ಬೀಗ ಹಾಕಿದಳು. ಬಿಡಲಂತೂ ಆಗಲಿಲ್ಲ. ಒಲೆಯ ಮುಂದಿನಿಂದ ಏಳುವಾಗ, ಮಿಷನ್ನಿಗೆ ಮುಸುಕು ಹಾಕುವಾಗ ತುಟಿ ತಾನಾಗಿ ಅಲುಗುತ್ತಿತ್ತು. ಅದೇನು ಗುನುಗುತ್ತಿ ಎಂದು ಒಮ್ಮೆ ಪಾಪಕ್ಕ ಕೇಳಿದಾಗ, ಬಾಯಿಗೆ ಬಂದದ್ದು, "ರಾಮನಾಮ, ಅತ್ತೆ" ಎಂದುಬಿಟ್ಟಿದ್ದಳು.

ಪಾಪಕ್ಕ ಶನಿವಾರ ತಪ್ಪದೆ ಆಂಜನೇಯನಿಗೆ ಎಣ್ಣೆ ಬತ್ತಿ ಒಯ್ಯುವ ಹೆಂಗಸು. ಸೊಸೆಯ ಮಾತು ಕೇಳಿ ಆಕೆಯ ಎದೆ ತುಂಬಿ ಬಂತು. ನಮ್ಮ ಸೊಸೆಯ ಬಾಯಲ್ಲಿ ಸದಾ ದೇವರ ನಾಮ, ಪೂರ್ವಜನ್ಮದ ಪುಣ್ಯ ಇಲ್ಲದೆ ಇಂಥವಳು ಮನೆಗೆ ಬರುತ್ತಾಳೆಯೇ ಎಂದು ನಲ್ಲಿ ಹತ್ತಿರ, ಗಿರಣಿ ಹತ್ತಿರ, ದೇವಸ್ಥಾನದ ಕಟ್ಟೆಯ ಮೇಲೆ ಹೇಳಿಕೊಂಡು ಬಂದಳು. ವರ್ಷಗಳು ಕಳೆದಂತೆ ಸುಳ್ಳಿನ ಮೇಲೆ ಗೌರವ ಬೆಳೆದು ಮರವಾಯಿತು. ಅದರ ನೆರಳಿನಲ್ಲಿ ಗಂಗೋತ್ರಿ ಸುಮ್ಮನೆ ಕೂತಿದ್ದಳು.

ಹೀಗಿರುವಾಗ, ಎದುರು ಮನೆಯ ಸುಂಕಲಮ್ಮ ತೀರಿಕೊಂಡಳು. ತುಂಬು ವಯಸ್ಸಿನ ಮುದುಕಿ. ಮಗ ಓಬಳಪ್ಪ ಯೂನಿಟ್ಟುಗಳಿಗೆ ದಾರ, ಗುಂಡಿ, ಜಿಪ್ಪು ಮಾರುವ ಅಂಗಡಿ ಇಟ್ಟಿದ್ದ. ಓಣಿಯವರೆಲ್ಲ ಹೋಗಿ ನೋಡಿ ಬಂದರು. ಪಾಪಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ಹೋದಳು, ಹಿಂದೆ ಗಂಗೋತ್ರಿ.

ಸಾವಿನ ಮನೆಯಿಂದ ಯಾರೂ ಹೇಳಿ ಹೊರಡುವುದಿಲ್ಲ. ಮದುವೆ ಮನೆಯಲ್ಲಿ ಹೇಳದೆ ಹೋದರೆ ಎಷ್ಟು ತಪ್ಪೋ, ಸಾವಿನ ಮನೆಯಲ್ಲಿ ಹೇಳಿ ಹೋದರೆ ಅಷ್ಟೇ ತಪ್ಪು. ಹೋಗಿ ಬರುತ್ತೇನೆ ಎಂದರೆ ಇಂಥದೇ ಕೆಲಸಕ್ಕೆ ಮತ್ತೆ ಬರುತ್ತೇನೆ ಎಂದಂತೆ. ಹೋದವರು ಹೂವು ಹಾಕಿ, ತಲೆಯ ಹತ್ತಿರದ ದೀಪ ನೋಡಿ, ಮುಖ ತಗ್ಗಿಸಿಕೊಂಡು ಎದ್ದು ಬರಬೇಕು. ಇದು ದೊಡ್ಡವರಿಗೆ ಯಾರೂ ಹೇಳಿಕೊಡದೆ ಗೊತ್ತಿರುವ ಸಂಗತಿ. ಮೌನಿಕಾಗೆ ಯಾರು ಹೇಳಬೇಕಿತ್ತು?

ಪಾಪಕ್ಕ ಏಳುತ್ತಿದ್ದಂತೆ ಹುಡುಗಿ ಕೈ ಬಿಡಿಸಿಕೊಂಡು ಹೋಗಿ ಮುದುಕಿಯ ಪಾದ ಮುಟ್ಟಿ, ತುಂಬಿದ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ, "ಅಜ್ಜೀ, ಹೋಗಿ ಬರ್ತೀನಿ" ಎಂದಳು. ದೀಪಕ್ಕೂ ಹೇಳಿದಳು. ಹೊಸ್ತಿಲಿಗೂ ಹೇಳಿದಳು. ಅಳುತ್ತಿದ್ದವರ ಅಳು ಅಲ್ಲೇ ನಿಂತಿತು. ಓಬಳಪ್ಪನ ಹೆಂಡತಿ ನಾಗಲಕ್ಷ್ಮಿ ಸೆರಗಿನಿಂದ ಮುಖ ತೆಗೆದು ನೋಡಿದ ನೋಟವನ್ನು ಗಂಗೋತ್ರಿ ಮರೆಯಲಾರಳು.

ಅಷ್ಟಕ್ಕೇ ಮುಗಿದಿದ್ದರೆ ಮಗುವಿನ ಮಾತೆಂದು ಜನ ಮರೆಯುತ್ತಿದ್ದರೇನೋ. ಆದರೆ ದಿನಕರ್ಮ ಮುಗಿಯುವ ಹೊತ್ತಿಗೆ ಓಬಳಪ್ಪನ ಕಾಲಿಗೆ ಮೊದಲೇ ಆಗಿದ್ದ ಸಣ್ಣ ಗಾಯ ಕೀವು ತುಂಬಿ, ಜ್ವರ ಏರಿ, ಬಳ್ಳಾರಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ಬೆರಳು ತೆಗೆದರಂತೆ, ಇನ್ನೂ ಪ್ರಜ್ಞೆ ಸರಿಯಿಲ್ಲವಂತೆ ಎಂದು ಸುದ್ದಿ ಬಂತು. ನಲ್ಲಿಯ ಹತ್ತಿರ ನಾಗಲಕ್ಷ್ಮಿಯ ತಂಗಿ ಎಲ್ಲರ ಮುಂದೆ, "ಬರ್ತೀನಿ ಅಂತ ಹೇಳಿ ಕರಕೊಂಡು ಹೋಗಾಕ ಕುಂತೈತಿ ಕೂಸು" ಎಂದಳು. ಪಾಪಕ್ಕ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದಳು.

ಆಕೆ ಕೆಟ್ಟವಳಲ್ಲ. ಹೆದರಿದ್ದಳು. ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿ, ಇನ್ನು ಯಾವುದಕ್ಕೂ ಹೋಗಿ ಬರುತ್ತೇನೆ ಅನ್ನಕೂಡದು, ಅಂದರೆ ಬಾಯಿಗೆ ಬರೆ ಹಾಕುತ್ತೇನೆ ಎಂದು ಗದರಿದಳು. ಹಾಕುವವಳೇನೂ ಅಲ್ಲ. ಮಗುವಿಗೆ ಅದು ಹೇಗೆ ತಿಳಿಯಬೇಕು? ಓಬಳಪ್ಪ ತಾತ ನಿನ್ನಿಂದ ಮಲಗಿದ ಎಂದು ಓಣಿಯ ಹುಡುಗರೂ ಹೇಳಿದ್ದರು. ಆವತ್ತಿನಿಂದ ಮೌನಿಕಾ ಹೇಳುವುದನ್ನು ಬಿಟ್ಟಳು. ಅದರ ಜೊತೆಗೆ ಮಿಕ್ಕ ಮಾತುಗಳೂ ಹೋದವು. ಊಟಕ್ಕೆ ಕರೆದರೆ ಬರುವಳು, ಕೇಳಿದ್ದಕ್ಕೆ ತಲೆಯಾಡಿಸುವಳು. ಅಂಗನವಾಡಿ ಟೀಚರೇ ಮನೆತನಕ ಬಂದು, ಮಗುವಿಗೆ ಏನಾಯಿತು, ಈಗ ಹೇಳದೆ ಎದ್ದು ಹೋಗುತ್ತಾಳೆ, ನನಗೇ ಏನೋ ಕಳೆದುಕೊಂಡ ಹಾಗೆ ಆಗುತ್ತದೆ ಎಂದರು.

ಹರೀಶ್ ಡಾಕ್ಟರ ಹತ್ತಿರ ತೋರಿಸೋಣ ಎಂದ. ಪಾಪಕ್ಕ ಒಪ್ಪಲಿಲ್ಲ. ಇದು ನಮ್ಮ ಮನೆತನದಲ್ಲಿ ಇಲ್ಲದ್ದು, ಗಂಗೋತ್ರಿಯ ಬಾಯಲ್ಲಿ ರಾಮನಾಮ ಇರುವುದರಿಂದ ಅವಳಿಂದ ಬಂದದ್ದೂ ಅಲ್ಲ, ಅವಳ ತವರಿನ ಹಿರಿಯರ ಹರಕೆ ಯಾವುದೋ ಬಾಕಿ ಉಳಿದಿರಬೇಕು, ಹೋಗಿ ಕೇಳಿಯೇ ಬಿಡೋಣ ಎಂದು ಹಟ ಹಿಡಿದಳು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಲ್ಲಿ ಇನ್ನೊಂದು ಹಿಡಿದು, ಅತ್ತೆ ಸೊಸೆ ಮಗು ಮೂವರೂ ಹೊರಟರು. ಇಳಿದ ಪ್ರತಿ ಬಸ್ಸಿನ ಬಾಗಿಲಲ್ಲೂ ಮೌನಿಕಾ ಒಂದು ಗಳಿಗೆ ನಿಂತು, ಅಜ್ಜಿಯ ಮುಖ ನೋಡಿ, ಮುಂದೆ ನಡೆದಳು.

ರೊಳ್ಳದ ಕಡೆ ಆಗ ರೇಷ್ಮೆ ಹುಳು ನಾಲ್ಕನೆಯ ಜ್ವರ ಎದ್ದು, ಅಂದರೆ ನಾಲ್ಕನೆಯ ಸಲ ಪೊರೆ ಬಿಟ್ಟು, ಹಸಿದು ತಿನ್ನುವ ಕಾಲ. ಗಂಗೋತ್ರಿಯ ತಾಯಿ ನರಸಮ್ಮ ಬಾಗಿಲಲ್ಲೇ ಬೀಗಿತ್ತಿಯ ಕಾಲಿಗೆ ನೀರು ಕೊಟ್ಟು, ಬಾಯಿಯ ವಾಸನೆ ಹಿಡಿದು, ಜಗುಲಿಯಲ್ಲೇ ಕೂರಿಸಿದಳು. ಹೊಗೆಸೊಪ್ಪಿನ ಗಾಳಿ ತಾಗಿದರೆ ಹುಳು ಸಾಯುತ್ತವೆ. ಆ ಮನೆಗೆ ತಹಸೀಲ್ದಾರ್ ಬಂದರೂ ಅದೇ ಕಟ್ಟಳೆ. ಪಾಪಕ್ಕನಿಗೆ ಮುಖ ಸಣ್ಣಗಾಯಿತು. ಬಾಯಿ ಮುಕ್ಕಳಿಸಿದರೂ ಒಳಗೆ ಬಿಡಲಿಲ್ಲ.

"ಬ್ಯಾಸರ ಮಾಡ್ಕಬೇಡಿ ಬೀಗಿತ್ತಿ. ನನ್ನ ತಮ್ಮನ್ನೂ ಇಲ್ಲೇ ಕೂರ್ಸೋದು. ಅವ್ನಿಗೆ ಬೀಡಿ" ಎಂದಳು ನರಸಮ್ಮ.

ಊಟವಾದ ಮೇಲೆ ಪಾಪಕ್ಕ ಬಂದ ವಿಷಯ ಎತ್ತಿದಳು. ಸುಂಕಲಮ್ಮನ ಸಾವು, ಮಗುವಿನ ಮಾತು, ಓಬಳಪ್ಪನ ಕಾಲು, ಎಲ್ಲವನ್ನೂ ಹೇಳಿ, "ನಿಮ್ಮ ವಂಶದಾಗ ಹಿಂಗ ಯಾರಾದ್ರು ಇದ್ರೇನ್ರಿ? ದೇವರಿಗೆ ಏನಾರ ಹರಕಿ ಉಳಿಸಿಕೊಂಡೀರೇನು?" ಎಂದು ಕೇಳಿದಳು.

ನರಸಮ್ಮ ಮಗಳ ಕಡೆ ನೋಡಿದಳು. ಗಂಗೋತ್ರಿ ಕಣ್ಣಲ್ಲೇ ಬೇಡ ಎಂದಳು. ತಾಯಿ ಅರ್ಥ ಮಾಡಿಕೊಂಡು ಒಂದು ತಲೆಮಾರು ಹಿಂದಕ್ಕೆ ಹೋಗಿ ಮಾತು ಶುರು ಮಾಡಿದಳು. ತನ್ನ ಅತ್ತೆ ಹೀಗೆಯೇ ಇದ್ದಳಂತೆ. ಹೊಲದಿಂದ ಬರುವಾಗ ಮರಕ್ಕೆ, ಬಾವಿಗೆ, ಕಲ್ಲಿಗೆ ಹೇಳದೆ ಬರುತ್ತಿರಲಿಲ್ಲವಂತೆ. ಹೊಸದಾಗಿ ಮದುವೆಯಾಗಿ ಬಂದಾಗ ಇವಳಿಗೆ ಹುಚ್ಚು ಎಂದು ತಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ ಎಂದಳು. ಒಂದು ದಿನ ಧೈರ್ಯ ಮಾಡಿ ಕೇಳಿಯೂ ಬಿಟ್ಟಳಂತೆ.

"ಏನಂದ್ಲು?" ಎಂದಳು ಪಾಪಕ್ಕ.

"'ಇಷ್ಟೊತ್ತು ನೆಳ್ಳು ಕೊಟ್ಟೈತೆ. ಒಂದ್ ಮಾತ್ ಏಳ್ದೆ ಎದ್ದೋಗಕ್ಕೆ ನಾನೇನ್ ಕಳ್ಳೀನಾ?' ಅಂದ್ಲು."

ಇಷ್ಟರಲ್ಲಿ ಗಂಗೋತ್ರಿಯ ಅಪ್ಪ ಗಂಗಣ್ಣ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಾ, ಎಲ್ಲ ತನ್ನ ತಾಯಿಯ ಮೇಲೆಯೇ ಯಾಕೆ ಹಾಕುತ್ತೀಯ, ನೀನೇನು ಕಮ್ಮಿಯೇ, ಸೊಪ್ಪು ಕೊಯ್ದ ಮೇಲೆ ಗಿಡದ ಮೈ ಸವರಿ ಬರುವವಳು ನೀನಲ್ಲವೇ ಎಂದು ಹೆಂಡತಿಯನ್ನು ಕೆಣಕಿದ. ತನಗಂತೂ ಇಂಥ ಗ್ರಹಚಾರ ಇಲ್ಲವೆಂದು ಬೀಗಿತ್ತಿಗೆ ಭರವಸೆ ಕೊಟ್ಟು, ಕರೆಂಟು ಹೋಗುವ ಹೊತ್ತಾಯಿತೆಂದು ಬೋರಿನ ಮೋಟಾರು ನಿಲ್ಲಿಸಲು ಹೋದ. ಮೋಟಾರು ನಿಂತ ನಿಶ್ಶಬ್ದದಲ್ಲಿ ಅವನ ದನಿ ಹಿತ್ತಲಿಂದ ಜಗುಲಿಗೆ ಸ್ಪಷ್ಟವಾಗಿ ಬಂತು: "ಆಯ್ತು ಕಣಪ್ಪ, ನೀನಿನ್ನು ಮಲಿಕ್ಕೊ. ಬತ್ತೀನಿ."

ಪಾಪಕ್ಕ ಬೇಡವೆಂದರೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಯೋಚನೆಗೆ ಬಿದ್ದಳು. ತಾಯಿಯಿಂದ ಮಗನಿಗೆ ಬಂದರೆ ರಕ್ತದ್ದು ಅನ್ನಬಹುದು. ಸೊಸೆಗೆ ಹೇಗೆ ಬಂತು? ನರಸಮ್ಮ ಬೇರೆ ಮನೆಯಿಂದ ಬಂದವಳಲ್ಲವೇ? ಇದು ಹುಟ್ಟಿನಿಂದ ಬರುವುದೋ, ಒಂದೇ ಸೂರಿನ ಕೆಳಗೆ ಇದ್ದು ಅಂಟುವುದೋ?

ನರಸಮ್ಮ ಹೊರೆ ಬಿಚ್ಚುತ್ತಿದ್ದಳು. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು, ಎಲ್ಲೋ ದೂರದ ಹೊಲದ ಮೇಲೆ ಸಣ್ಣ ಮಳೆ ಬಿದ್ದ ಹಾಗೆ.

"ಅದು ನನ್ಗೂ ತಿಳೀನಿಲ್ಲ. ಉಳ ಸೊಪ್ಪು ತಿಂತೈತೆ, ರೇಸ್ಮೆ ಬಿಡ್ತೈತೆ. ಆ ರೇಸ್ಮೆ ಸೊಪ್ನಾಗಿತ್ತಾ, ಉಳದಾಗಿತ್ತಾ? ಇಷ್ಟು ವರ್ಸ ಉಳ ಸಾಕಿವ್ನಿ, ಕಂಡೋರಿಲ್ಲ."

ಪಾಪಕ್ಕ ತಲೆದೂಗಿ, "ಹಂಗಾದ್ರ ನಮ್ಮ ಗಂಗೋತ್ರಿಗೆ ಯಾಕ ಬರ್ಲಿಲ್ಲ? ಈಕಿ ರಾಮನಾಮದಾಕಿ, ಅದಕ್ಕ ತಪ್ಪಿಸಿಕೊಂಡಾಳ" ಎಂದಳು.

ಗಂಗೋತ್ರಿ ಅಂಗಳದ ಕಡೆ ತಿರುಗಿದಳು. ಅಲ್ಲಿ ಹೊಂಗೆಯ ಬುಡದಲ್ಲಿ ಆಡಿಕೊಂಡಿದ್ದ ಮೌನಿಕಾ, ತಾತ ಕರೆದನೆಂದು ಎದ್ದು ನಿಂತಿದ್ದಳು. ಎದ್ದವಳು ಮರಕ್ಕೆ ಬೆನ್ನು ಕೊಟ್ಟು, ಯಾರೂ ಕಾಣದಂತೆ ಕೈ ಹಿಂದೆ ಮಾಡಿ ತೊಗಟೆ ಮುಟ್ಟಿದಳು. ಬಾಯಿ ಮುಚ್ಚಿತ್ತು. ಮುಚ್ಚಿದ ತುಟಿ ಅಲುಗುತ್ತಿತ್ತು.

ಗಂಗೋತ್ರಿ ನೋಡುತ್ತಲೇ ಎದ್ದು ನಿಂತಳು. ಹೇಳಿ ಹೋಗುವುದನ್ನು ಮಗಳಿಗೆ ತಾನು ಎಂದೂ ಕಲಿಸಿರಲಿಲ್ಲ. ಬಚ್ಚಿಡುವುದನ್ನೂ ಕಲಿಸಿರಲಿಲ್ಲ. ಎರಡೂ ಮಗುವಿಗೆ ಬಂದಿದ್ದವು. ಮೊದಲನೆಯದು ಅಜ್ಜಿಯಂದಿರ ಕಡೆಯಿಂದ ಬಂದಿರಬಹುದು, ದೇವರೇ ಬಲ್ಲ. ಎರಡನೆಯದು ಮಾತ್ರ ನೇರ ತನ್ನಿಂದಲೇ ಬಂದದ್ದು. ಇವತ್ತು ಸುಮ್ಮನಿದ್ದರೆ ಈ ಕೂಸು ಬದುಕಿಡೀ ಹೀಗೆ ತುಟಿ ಕಚ್ಚಿಕೊಂಡೇ ಇರುತ್ತದೆ.

"ಅತ್ತೆ, ಅದು ರಾಮನಾಮ ಅಲ್ಲ" ಎಂದಳು.

ಪಾಪಕ್ಕನಿಗೆ ಮೊದಲು ತಿಳಿಯಲಿಲ್ಲ. ಗಂಗೋತ್ರಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಮದುವೆಯ ಟೆಂಪೋ, ಒಲೆ, ಮಿಷನ್ನು, ನಾಚಿಕೆ, ಬಾಯಿಗೆ ಬಂದ ಸುಳ್ಳು. ಮಗಳಲ್ಲಿ ಇರುವುದು ತನ್ನದೇ ಎಂದಳು. ಪಾಪಕ್ಕ ಬಹಳ ಹೊತ್ತು ಎಲೆಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

"ಓಣಿ ತುಂಬ ಹೇಳಿಕೊಂಡು ಬಂದೀನಲ್ಲ ನಾನು" ಎಂದಳು ಕಡೆಗೆ. ಆ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು.

ಮರುದಿನ ವಾಪಸು ಬರುವಾಗ ಅತ್ತೆ ಸೊಸೆಯೊಡನೆ ಮಾತಾಡಲಿಲ್ಲ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಚಿಕ್ಕಿ ಕೊಂಡು, ಮುರಿದು, ಒಂದು ತುಂಡು ಮೊಮ್ಮಗಳಿಗೆ ಕೊಟ್ಟಳು. ಇನ್ನೊಂದನ್ನು ಮುಖ ಆ ಕಡೆ ತಿರುಗಿಸಿಕೊಂಡೇ ಸೊಸೆಯ ಮಡಿಲಿಗೆ ಹಾಕಿದಳು. ಬಸ್ಸಿನ ಕಿಟಕಿಯಲ್ಲಿ ರಾಯದುರ್ಗದ ಬೆಟ್ಟ ಕಾಣುವ ಹೊತ್ತಿಗೆ, ತನಗೆ ತಾನೇ ಹೇಳಿಕೊಂಡಂತೆ ಬಾಯಿ ತೆರೆದಳು.

"ರಾಮ ಎಲ್ಲಿ ಇಲ್ಲ? ಒಲ್ಯಾಗ ಇಲ್ಲೇನು, ಮಿಷನ್ನಿನಾಗ ಇಲ್ಲೇನು? ಅವಕ್ಕ ಕೈ ಮುಗದ್ರ ಆತಗ ಮುಟ್ಟಂಗಿಲ್ಲೇನು? ಅದಕ್ಕ ನನ್ನ ತಕರಾರಿಲ್ಲ. ಸುಳ್ಳು ಹೇಳಿದ್ದು ಮಾತ್ರ ಸುಳ್ಳ." ಮತ್ತೆ ಅಂದಳು: "ಓಬಳಪ್ಪನ್ನ ಮನಿಗೆ ಕರಕೊಂಡು ಬಂದಾರಂತ, ಹರೀಶ ಫೋನ್ ಮಾಡಿದ್ದ. ನಾಳೆ ಹೋಗೂನು. ಇದು ನನ್ನದು ಅಂತ ನೀನ ಹೇಳ್ಬೇಕು. ಕೂಸಿನ ತಲಿಮ್ಯಾಲೆ ಇರಬಾರದು ಅದು."

ಗಂಗೋತ್ರಿಗೆ ಹೆದರಿಕೆಯಾಯಿತು. ಓಣಿಯ ಮಾತು ಮಗುವಿನ ಮೇಲಿಂದ ಇಳಿದರೆ ತನ್ನ ಮೇಲೆಯೇ ಕೂರುತ್ತದೆ. ಕೂರಲಿ ಎಂದುಕೊಂಡಳು.

ಓಬಳಪ್ಪ ಪಡಸಾಲೆಯ ಮಂಚದ ಮೇಲೆ, ಕಾಲಿಗೆ ದಪ್ಪ ಪಟ್ಟಿ ಸುತ್ತಿಸಿಕೊಂಡು ಒರಗಿದ್ದ. ಮೈ ಇಳಿದಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ನಾಗಲಕ್ಷ್ಮಿ ಬಾಗಿಲಲ್ಲಿ ಮೂವರನ್ನೂ ಕಂಡು ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತಲೂ ಅನ್ನದೆ ಒಳಗೆ ಹೋಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೌನಿಕಾ ಅಮ್ಮನ ಸೀರೆಯ ಹಿಂದೆ ಅಡಗಿದಳು.

ಗಂಗೋತ್ರಿ ಮಂಚದ ಹತ್ತಿರ ನೆಲದ ಮೇಲೆ ಕೂತು ಹೇಳಿದಳು. ಆವತ್ತು ಮಗು ಅಂದದ್ದು ತಪ್ಪು ಮಾತು, ಆದರೆ ಅದು ಮಗುವಿನದಲ್ಲ, ನನ್ನದು, ನಮ್ಮ ಮನೆಯವರದು. ನಾವು ಎಲ್ಲಿಂದ ಎದ್ದರೂ ಹೇಳಿಯೇ ಏಳುತ್ತೇವೆ, ಯಾಕೆಂದು ನಮಗೂ ಗೊತ್ತಿಲ್ಲ. ಎಲ್ಲಿ ಹೇಳಬಾರದು ಎಂಬುದನ್ನು ನಾನು ಕಲಿಸಬೇಕಿತ್ತು, ನಾಚಿಕೆಯಿಂದ ಆ ಮಾತನ್ನೇ ಎತ್ತಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಓಬಳಪ್ಪ ಸೂರು ನೋಡುತ್ತಾ ಕೇಳಿಸಿಕೊಂಡ.

"ಆಸ್ಪತ್ರ್ಯಾಗ ಮಲಗಿದಾಗ ನನಗ ಅದ ನೆನಪಾತವ್ವ. ನಮ್ಮವ್ವನ್ನ ಎತ್ತಿಕೊಂಡು ಹೋದ್ವಿ, ಮಣ್ಣು ಮಾಡಿದ್ವಿ, ಬಂದ್ವಿ. ನೂರು ಮಂದಿ ಬಂದಿದ್ರು. ಒಬ್ಬರು ಆಕಿ ಜೋಡಿ ಮಾತಾಡಲಿಲ್ಲ. ಪದ್ಧತಿ ಹಂಗೈತಿ, ಯಾರದೂ ತಪ್ಪಲ್ಲ. ನಾನೂ ಮಾತಾಡಲಿಲ್ಲ, ಹೊಟ್ಟ್ಯಾಗಿನ ಮಗ." ಉಸಿರು ತಗೊಂಡ. "ಆಕಿಗೆ ಹೇಳಿ ಹೋಗಿದ್ದು ಇದೊಂದ ಕೂಸು."

ಪಾಪಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಡುಗೆಮನೆಯ ಬಾಗಿಲಿಂದ ನಾಗಲಕ್ಷ್ಮಿ ಕೇಳಿದಳು:

"ಮತ್ತ ನಿಮ್ಮ ಕಾಲು ಹಿಂಗ್ಯಾಕಾತು?"

"ಕಾಲಾ? ಸಕ್ಕರಿ ಕಾಯಿಲಿದು. ತಿಥಿ ಹೋಳಿಗಿ ಯಾರು ಎಷ್ಟು ತಿಂದ್ರು ಅಂತ ಡಾಕ್ಟರ್ ಕೇಳ್ಯಾರ. ನೀ ಹೇಳ್ತಿಯೋ, ನಾ ಹೇಳ್ಲ್ಯೋ?"

ನಾಗಲಕ್ಷ್ಮಿ ಒಳಗೆ ಹೋದಳು. ತುಸು ಹೊತ್ತಿಗೆ ಮೂರು ಲೋಟ ಚಹಾ ತಂದು ಅವರ ಮುಂದಿಟ್ಟು, ಮತ್ತೆ ಹೋಗಿ ಅಲ್ಲೇ ನಿಂತಳು. ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲ. ಅಷ್ಟು ಬೇಗ ಆಗಬೇಕೆಂದು ಗಂಗೋತ್ರಿಯೂ ಬಯಸಲಿಲ್ಲ.

ಚಹಾ ಕುಡಿದು ಎದ್ದರು. ಮೌನಿಕಾ ಮಂಚದ ಹತ್ತಿರ ನಿಂತು ಅಮ್ಮನ ಮುಖ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. ತುಟಿ ಬಿಗಿದೇ ಇತ್ತು. ಗಂಗೋತ್ರಿ ಬಗ್ಗಿ ಮಂಚದ ಕಾಲನ್ನು ಮುಟ್ಟಿ, ಮದುವೆಯಾದ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹೋಗಿ ಬರ್ತೀನಪ್ಪ."

ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಗೋಡೆಯ ಮೇಲೆ ಹೂವಿನ ಹಾರ ಹಾಕಿದ್ದ ಸುಂಕಲಮ್ಮನ ಫೋಟೋಗೆ ಹೇಳಿದಳು, ಚಹಾದ ಲೋಟಕ್ಕೆ ಹೇಳಿದಳು, ಹೊಸ್ತಿಲ ಹತ್ತಿರ ಬಂದು ಅದಕ್ಕೂ ಹೇಳಿದಳು. ಪಾಪಕ್ಕ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ಕಾಯುತ್ತಿದ್ದಳು. ಓಣಿಯಲ್ಲಿ ಒಂದಿಬ್ಬರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟಳು.

"ಅವ್ವಾ."

ಮೌನಿಕಾ ಹಿಂದೆಯೇ ನಿಂತಿದ್ದಳು. ಎಷ್ಟೋ ದಿನದ ಮೇಲಿನ ದನಿ, ಸ್ವಲ್ಪ ಒಡೆದು ಬಂತು.

"ತಾತನ ಕೋಲಿಗೆ ಹೇಳ್ಲೇ ಇಲ್ಲ ನೀನು."

ಆಸ್ಪತ್ರೆಯಿಂದ ತಂದಿದ್ದ ಹೊಸ ಊರುಗೋಲು ಮಂಚದ ಆ ಕಡೆ, ಹುಡುಗಿಯ ಕೈಗೆ ಎಟುಕದ ಮೂಲೆಯಲ್ಲಿತ್ತು. ನಾಗಲಕ್ಷ್ಮಿ ಅಡುಗೆಮನೆಯ ಬಾಗಿಲು ಬಿಟ್ಟು ಬಂದಳು. ಕೋಲು ತೆಗೆದು, ಮಗುವಿನ ಎತ್ತರಕ್ಕೆ ವಾಲಿಸಿ ಹಿಡಿದಳು.